ಜೊತೆಗಿದ್ದವರು

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ತನಗಾದದ್ದರ ಬಗ್ಗೆ ದೂರು ಹೇಳಿಕೊಳ್ಳಲು ಬಂದ ಕಚೇರಿಯ ಬಾಗಿಲಲ್ಲೂ ಅಂಥದೇ ಒಂದು ಲೋಹಶೋಧಕ ಚೌಕಟ್ಟು ನಿಂತಿರುತ್ತದೆಂದು ಅವಳು ಎಣಿಸಿರಲಿಲ್ಲ. ದಾಟಿದ್ದೇ ತಡ, ಅದು ಕೀರಲು ದನಿಯಲ್ಲಿ ಕೂಗಿತು. ಅವಳು ಅಭ್ಯಾಸಬಲದಿಂದ ಎರಡೂ ಕೈ ಎತ್ತಿ ನಿಂತಳು. ಎಡತೊಡೆಯ ಮೂಳೆಗೆ ಸ್ಕ್ರೂ ಹಾಕಿ ಕೂರಿಸಿದ ಸರಳಿಗೆ ಇಂಥ ಕಡೆಗಳಲ್ಲಿ ಮಾತ್ರ ಬಾಯಿ ಬರುತ್ತದೆ. ಅವಳು ಏನಾದರೂ ಹೇಳುವ ಮೊದಲೇ ಹಿಂದಿನಿಂದ ಗಂಡ, ಬ್ಯಾಂಕಿನ ಕೌಂಟರಿನಾಚೆ ಕಿವಿ ಮಂದವಾದವರಿಗೆ ಹೇಳುವ ದನಿಯಲ್ಲಿ, "ನಮ್ಮ ಮನೆಯವರು ಸಾರ್. ಕಾಲಲ್ಲಿ ರಾಡ್ ಇದೆ. ಡಾಕ್ಟರ್ ಪತ್ರ ನನ್ನ ಹತ್ರಾನೇ ಇದೆ, ನೋಡಿ" ಎಂದ. ಕಾವಲಿನವನು ಪತ್ರ ನೋಡಲಿಲ್ಲ. ಆಕಳಿಸುತ್ತ "ಹೋಗಿ, ಹೋಗಿ" ಎಂದ. ಗಂಡನ ಮುಖದಲ್ಲಿ ಒಂದು ಸಣ್ಣ ನಿರಾಸೆ ಹಾದುಹೋಯಿತು, ಜಗಳಕ್ಕೆಂದು ತೋಳೇರಿಸಿದವನಿಗೆ ಎದುರಾಳಿಯೇ ಸಿಗದೆ ಹೋದ ಹಾಗೆ. ಅದನ್ನು ತಾನು ಗಮನಿಸಿದೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಬೇಸರವಾಯಿತು. ಈಚೆಗೆ ಅವನನ್ನು ನೋಡುವುದೇ ಹೀಗಾಗಿಬಿಟ್ಟಿದೆ. ಅವನು ಅನ್ನ ಕಲಸಿದರೂ ಸರಿ, ಪೇಪರು ಮಡಚಿದರೂ ಸರಿ, ಅದರ ಹಿಂದೆ ಇನ್ನೇನೋ ಇದೆಯೆಂದು ಕಣ್ಣು ಹುಡುಕುತ್ತದೆ.

ಕಾರಿಡಾರಿನಲ್ಲಿ ಒಂದಕ್ಕೊಂದು ಜೋಡಿಸಿದ ಪ್ಲಾಸ್ಟಿಕ್ ಕುರ್ಚಿಗಳು. ಒಬ್ಬರು ಅಲುಗಿದರೆ ಸಾಲೇ ಅಲುಗುತ್ತಿತ್ತು. ಗಂಡ ನೀರು ತಂದುಕೊಟ್ಟ. ಫ್ಯಾನಿನ ಗಾಳಿ ನೇರ ಹೊಡೆಯುತ್ತದೆಂದು ಅವಳನ್ನು ಎಬ್ಬಿಸಿ ಆ ಕೊನೆಯ ಕುರ್ಚಿಯಲ್ಲಿ ಕೂರಿಸಿದ. ವಿಮಾನ ನಿಲ್ದಾಣದ ಆ ದಿನದಿಂದೀಚೆಗೆ ಅವನಿಗೆ ಅವಳ ಕಾಲಿನ ಮೇಲೆ ಎಲ್ಲಿಲ್ಲದ ಅಕ್ಕರೆ. ಮೆಟ್ಟಿಲ ಪಕ್ಕ ಹಿಡಿಗಂಬಿ ಹಾಕಿಸಿದ, ಬಚ್ಚಲಿಗೆ ಜಾರದ ಚಾಪೆ ತಂದ, ಸಂಜೆ ಅವಳು ಕೆಲಸದಿಂದ ಬಂದರೆ ಬಿಸಿನೀರಿನ ಚೀಲ ಸಿದ್ಧವಿರುತ್ತದೆ. ಮೂಳೆ ಮುರಿದು ಮಲಗಿದ್ದ ಕಾಲದಲ್ಲೂ ಇಷ್ಟು ಮಾಡಿದವನಲ್ಲ. ಪಕ್ಕದ ಮನೆಯಾಕೆ "ನಿಮ್ಮ ಯಜಮಾನ್ರು ಬಂಗಾರ ಕಣ್ರೀ" ಎಂದಾಗ ಅವಳು "ಹೌದು" ಎಂದಿದ್ದಳು, ಬೇರೆ ಏನು ಹೇಳುವುದೋ ತಿಳಿಯದೆ. ಲೋಟ ಕೈಯಲ್ಲಿ ತಣ್ಣಗಿತ್ತು. ಅವತ್ತು ವಿಮಾನ ನಿಲ್ದಾಣದ ನೆಲವೂ ಹೀಗೇ ತಣ್ಣಗಿತ್ತು, ಚಪ್ಪಲಿ ಬಿಚ್ಚಿಸಿದ್ದರು, ಮಗಳ ಮನೆಗೆ ಹೊರಟ ಸಂಭ್ರಮದಲ್ಲಿ ಅವಳು ಹೊಸ ಪ್ಯಾಂಟು ಹಾಕಿಕೊಂಡಿದ್ದಳು. ಚೌಕಟ್ಟು ಕೂಗಿದ ಕೂಡಲೇ ತಪಾಸಣೆಯ ಹುಡುಗಿ ಅವಳನ್ನು ಬದಿಯ ಪರದೆಯ ಹಿಂದೆ ಕರೆದೊಯ್ದಳು. ಕಾಲಲ್ಲಿ ರಾಡಿದೆ ಎಂದರೆ ಪತ್ರ ಎಲ್ಲಿ ಎಂದಳು. ಕೇಳಬೇಕಾದದ್ದನ್ನೇ ಕೇಳಿದ್ದಳು. "ನಮ್ಮ ಯಜಮಾನರ ಬ್ಯಾಗಲ್ಲಿದೆ. ಅಗೋ, ಶೂ ಹಾಕ್ಕೊಳ್ತಿದ್ದಾರಲ್ಲ, ಬೂದಿ ಬಣ್ಣದ ಜಾಕೆಟ್ಟು, ಅವರೇ" ಎಂದು ಅವಳು ಬೆರಳು ಮಾಡಿ ತೋರಿಸಿದಳು.

ಹುಡುಗಿ ಪರದೆ ಸರಿಸಿ ಕೂಗಿದಳು. "ಸಾರ್, ಇವರು ನಿಮ್ಮ ಜೊತೆಯವರಾ? ಪತ್ರ ನಿಮ್ಮ ಹತ್ರ ಇದೆಯಂತೆ." ಅವನು ತಲೆಯೆತ್ತಿದ. ಹುಡುಗಿಯ ಸಮವಸ್ತ್ರವನ್ನು ನೋಡಿದ, ಅವಳ ಹೆಗಲ ಮೇಲಿಂದ ಹೆಂಡತಿಯನ್ನು ನೋಡಿದ, ಇಬ್ಬರನ್ನೂ ದಾಟಿ ಹಿಂದಿದ್ದ ಸಾಲನ್ನು ನೋಡಿದ. ಸಾಲೆಲ್ಲ ಅವನ ಉತ್ತರಕ್ಕೆ ಕಾದು ನಿಂತಿತ್ತು. ಆಮೇಲೆ ತಲೆಯಾಡಿಸಿದ. ಅಲ್ಲ ಎಂಬಂತೆ. ಬಸ್ಸಿನಲ್ಲಿ ಕಡಲೆಕಾಯಿ ಮಾರುವವನಿಗೆ ಬೇಡ ಎನ್ನುವಷ್ಟು ಸಣ್ಣದಾಗಿ. ಮತ್ತೆ ಬಗ್ಗಿ ಲೇಸು ಕಟ್ಟಿಕೊಳ್ಳತೊಡಗಿದ. ಹುಡುಗಿ ಒಳಗೆ ತಿರುಗುವಷ್ಟರಲ್ಲಿ ಅವಳ ಮುಖ ಬದಲಾಗಿತ್ತು. "ಸುಳ್ಳು ಬೇರೆ ಹೇಳ್ತೀರಾ? ಬಿಚ್ಚಿ ತೋರಿಸಿ." ಪರದೆಯ ಕೊಕ್ಕೆ ಮುರಿದಿತ್ತು. ಎಷ್ಟು ಎಳೆದರೂ ಒಂದು ಗೇಣು ತೆರೆದೇ ಉಳಿಯುತ್ತಿತ್ತು. ಆ ಒಂದು ಗೇಣಿನಲ್ಲಿ, ಪ್ಯಾಂಟು ಮೊಣಕಾಲಿಗಿಳಿಸಿ ಹೊಲಿಗೆಯ ಗುರುತು ತೋರಿಸುತ್ತ ನಿಂತವಳಿಗೆ ಸಾಲಿನ ಮುಖಗಳು ಒಂದೊಂದಾಗಿ ಕಂಡವು. ದಿಟ್ಟಿಸಿ ನೋಡಿದವರನ್ನು ಆಮೇಲೆ ಮರೆತಳು. ಒಬ್ಬಾಕೆ ಮಾತ್ರ ಮರ್ಯಾದೆಯಿಂದ ಮುಖ ಆಚೆ ತಿರುಗಿಸಿದ್ದಳು, ಅದು ಮರೆಯುವುದಿಲ್ಲ. ನೋಡಬಾರದ ಸ್ಥಿತಿಯಲ್ಲಿ ತಾನಿದ್ದೇನೆಂದು ಹೇಳಿಕೊಟ್ಟವಳು ಅವಳು.

ವಿಮಾನದಲ್ಲಿ ಕೂತ ಮೇಲೆ ಗಂಡ, "ಎಲ್ಲಿ ಹೋಗಿದ್ದೆ? ನಾನು ಹುಡುಕಿ ಹುಡುಕಿ ಸಾಕಾಯ್ತು" ಎಂದಿದ್ದ. ಅವಳು ಕಿಟಕಿಯತ್ತ ತಿರುಗಿ, ಒಳಗೆ ಬಟ್ಟೆ ಬಿಚ್ಚಿಸಿದರು ಎಂದಷ್ಟೇ ಹೇಳಿದಳು. ಅವನು ಸಿಟ್ಟಿನಿಂದ ಕೆಂಪಾದ. ಸಿಟ್ಟು ನಿಜವಾದದ್ದೇ, ಅದರಲ್ಲಿ ಅನುಮಾನವಿರಲಿಲ್ಲ. ಇಳಿದು ಮಗಳ ಮನೆ ತಲುಪುವ ಹೊತ್ತಿಗೆ ಆ ಸಿಟ್ಟಿಗೊಂದು ಕಥೆ ಹುಟ್ಟಿತ್ತು. ಪರದೆಯ ಹತ್ತಿರ ಹೋದೆ, ಒಳಗೆ ಬಿಡಲಿಲ್ಲ ಎಂಬುದು ಮಗಳಿಗೆ ಹೇಳಿದ ಕಥೆ. ಅವನ ಅಣ್ಣನಿಗೆ ಹೇಳುವಾಗ ಅದು, ಮೇಜು ಗುದ್ದಿ ನಿಮ್ಮ ಮೇಲಿನವರನ್ನು ಕರೀರಿ ಎಂದೆ ಎಂದಾಯಿತು. "ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ಬರೀ ಸಾಕ್ಸು, ಹಂಗೇ ನುಗ್ಗಿದೆ ನೋಡು" ಎಂದಾಗ ಎಲ್ಲರೂ ನಕ್ಕರು. ಭಾವ ತಮ್ಮನ ಬೆನ್ನು ತಟ್ಟಿದರು. ಅವಳು ಎಲ್ಲರ ತಟ್ಟೆಗೂ ಸಾರು ಬಡಿಸುತ್ತಿದ್ದಳು. ಆ ಸಾಕ್ಸು ನಿಜವಾದದ್ದೆಂದು ಅವಳಿಗೆ ಗೊತ್ತಿತ್ತು, ಒಂದು ಕಾಲಿಗೆ ಮಾತ್ರ ಶೂ ಹಾಕಿದ್ದಾಗಲೇ ಅವನು ತಲೆಯಾಡಿಸಿದ್ದು. ದಂತವೈದ್ಯರ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುವುದು ಅವಳ ಕಸುಬು. ಕಟ್ಟಿದ ಹಲ್ಲು ಹುಟ್ಟಿದ ಹಲ್ಲಿನಂತೆ ಕಾಣಬೇಕಾದರೆ ಎಲ್ಲಾದರೂ ಒಂದು ಕಡೆ ಚೂರು ಹಳದಿ, ಒಂದು ಸಣ್ಣ ಸೊಟ್ಟ ಇಡಬೇಕಾಗುತ್ತದೆ. ಗಂಡನಿಗೆ ಇದು ಯಾರೂ ಕಲಿಸದೆಯೇ ಬಂದಿತ್ತು.

ದೂರು ಕೊಡಬೇಕೆಂದು ಹಟ ಹಿಡಿದವಳು ಮಗಳು. ಇಂಥವರಿಗೆಂದೇ ಒಂದು ಕಚೇರಿ ಇದೆಯಂತೆ, ಮೈಯಲ್ಲಿ ರಾಡಿರುವವರು, ಎದೆಯಲ್ಲಿ ಯಂತ್ರ ಇಟ್ಟುಕೊಂಡವರು, ಇನ್ಯಾರದೋ ಹೆಸರಿಗೆ ಹೆಸರು ಹೊಂದಿ ಪ್ರತಿ ಸಲ ಸಿಕ್ಕಿಹಾಕಿಕೊಳ್ಳುವವರು ಹೋಗಿ ಹೇಳಿಕೊಳ್ಳಬಹುದಂತೆ. ಮಗಳೇ ಕಂಪ್ಯೂಟರಿನಲ್ಲಿ ಎಲ್ಲ ತುಂಬಿದಳು. "ಸಾಕ್ಷಿ ಯಾರು ಅಂತ ಕೇಳ್ತಿದೆ. ಅಪ್ಪನ ಹೆಸರು ಹಾಕ್ತೀನಿ" ಎಂದಾಗ ಅವಳು ಗಂಡನನ್ನು ನೋಡಿದಳು. ಈಗ ಹಿಂಜರಿಯುತ್ತಾನೆ, ಬೇಡ ಬಿಡು ಎನ್ನುತ್ತಾನೆ, ಆಗ ತಾನು ಯಾಕೆ ಎನ್ನುತ್ತೇನೆ, ಹಾಗೆ ಮಾತು ಹೊರಗೆ ಬರುತ್ತದೆ ಎಂದುಕೊಂಡಳು. ಅವನು "ಹಾಕು, ಹಾಕು. ಬಿಡಬಾರದು ಇಂಥವರನ್ನ" ಎಂದ. ಅಂದಿನಿಂದ ಅವಳು ಕಾಯುತ್ತಿದ್ದಳು, ಅವನೂ ಕಾಯುತ್ತಿದ್ದನೋ ಏನೋ. ಒಂದೇ ಹಾಸಿಗೆಯಲ್ಲಿ ಮಲಗಿ ಇಬ್ಬರೂ ಒಂದೇ ಮಾತಿಗೆ ಕಾಯುವುದು ಹೇಗಿರುತ್ತದೆಂದು ಯಾರಿಗೆ ಹೇಳುವುದು. ಒಂದು ದಿನ ಕೆಲಸದ ಕೋಣೆಯಲ್ಲಿ, ಹಲ್ಲಿನ ಅಚ್ಚಿನ ಮೇಣ ಕರಗುವುದನ್ನು ನೋಡುತ್ತ, ಅವಳು ಅವನ ಹಾಗೆ ತಲೆಯಾಡಿಸಿ ನೋಡಿದ್ದಳು, ಅದು ಎಷ್ಟು ಸುಲಭವೆಂದು ತಿಳಿಯಲು. ಬಹಳ ಸುಲಭವಿತ್ತು. ಬಾಗಿಲಲ್ಲಿ ನಿಂತ ಡಾಕ್ಟರು, "ಏನಮ್ಮ, ಅಳತೆ ಸರಿ ಬರ್ಲಿಲ್ವಾ?" ಎಂದು ಕೇಳಿದ್ದರು.

ಒಳಗಿನಿಂದ ಕರೆ ಬಂತು. ವಿಚಾರಣೆಯ ಕೋಣೆ ಚಿಕ್ಕದು. ಉದ್ದನೆಯ ಮೇಜು, ಬತ್ತಿದ ಮುಖದ ಹಿರಿಯ ಅಧಿಕಾರಿ, ಬದಿಯಲ್ಲಿ ಟೈಪು ಮಾಡುವ ಗುಮಾಸ್ತ. ಅಧಿಕಾರಿ "ಕೂತ್ಕೊಳ್ಳಿ" ಎಂದಾಗ ಅವರ ಮೇಲಿನ ಹಲ್ಲಿನ ಸೆಟ್ಟು ಟಕ್ಕೆಂದು ಜಾರಿ ಮತ್ತೆ ಕೂತಿತು. ಇಂಥ ಹೊತ್ತಿನಲ್ಲೂ ಕಣ್ಣಿಗೆ ಇದೇ ಬೀಳಬೇಕೆ ಎಂದು ಅವಳಿಗೆ ನಾಚಿಕೆಯಾಯಿತು. ಎದುರಿನ ಕುರ್ಚಿಯಲ್ಲಿ ತಪಾಸಣೆಯ ಹುಡುಗಿ ಕೂತಿದ್ದಳು. ಸಮವಸ್ತ್ರವಿಲ್ಲದೆ ಅವಳು ಯಾರ ಮನೆಯ ಮಗಳೂ ಆಗಬಹುದಿತ್ತು. ತೋಳಿನ ಒಂದು ಗುಂಡಿಗೆ ಬೇರೆ ಬಣ್ಣದ ದಾರ ಹಾಕಿ ಹೊಲಿದುಕೊಂಡಿದ್ದಳು; ಅಂಗೈಗಳನ್ನು ಮೊಣಕಾಲ ಮೇಲೆ ಒತ್ತಿ ಹಿಡಿದಿದ್ದಳು. ಇವಳ ಮುಖವನ್ನು ಮನಸ್ಸಿನಲ್ಲಿಟ್ಟುಕೊಂಡು ಎಷ್ಟು ಸಲ ಬೈದಿದ್ದೆ, ಆ ಮುಖ ಇದಲ್ಲವೇ ಅಲ್ಲ ಎನಿಸಿತು ಅವಳಿಗೆ.

ಮೊದಲು ಗಂಡ ಹೇಳಿದ. ಚೆನ್ನಾಗಿ ಹೇಳಿದ. ಅವನ ದನಿ ಎಲ್ಲಿ ಏರಬೇಕೋ ಅಲ್ಲಿ ಏರಿತು, "ನನ್ನ ಹೆಂಡತಿ ಸಾರ್, ಗೌರವಸ್ಥ ಹೆಂಗಸು" ಎನ್ನುವಾಗ ತಗ್ಗಿತು. ಪತ್ರ ತನ್ನ ಬ್ಯಾಗಿನಲ್ಲೇ ಇತ್ತು, ಯಾರಾದರೂ ಒಂದು ಮಾತು ಕೇಳಿದ್ದರೆ ತೆಗೆದು ಕೊಡುತ್ತಿದ್ದೆ, ಯಾರೂ ಕೇಳಲಿಲ್ಲ, ತಾನಾಗಿ ಹೋದರೆ ತಳ್ಳಿದರು ಎಂದ. ಟೈಪಿನ ಸದ್ದು ಅವನ ಮಾತಿನ ಹಿಂದೆಯೇ ಓಡಿಬರುತ್ತಿತ್ತು. ಅಧಿಕಾರಿ ಹುಡುಗಿಯತ್ತ ತಿರುಗಿದರು. ಅವಳು ನೆಲ ನೋಡುತ್ತ ಹೇಳಿದಳು. "ನಾನು ಕೇಳಿದೆ ಸಾರ್. ಇವರನ್ನೇ ಕೇಳಿದೆ. ಜೊತೆಯವರಾ ಅಂದೆ. ಇವರು ಅಲ್ಲ ಅಂತ ತಲೆ ಆಡಿಸಿದ್ರು. ಜೊತೆಯವರು ಇಲ್ಲ ಅಂದ್ಮೇಲೆ ನಾನು ಗಾಯ ನೋಡಲೇಬೇಕು, ನಮಗೆ ಹಾಗೇ ಹೇಳಿಕೊಟ್ಟಿರೋದು."

"ನೋಡಿ ಸಾರ್, ಹೇಗೆ ತಿರುಗಿಸ್ತಾರೆ" ಎಂದ ಗಂಡ. ನಗಲು ನೋಡಿದ. "ಹೆಂಡತಿ ನಿನ್ನವಳಾ ಅಂದ್ರೆ ಯಾವ ಗಂಡಸು ಅಲ್ಲ ಅಂತಾನೆ?"

ಗುಮಾಸ್ತ ಅದನ್ನೂ ಟೈಪು ಮಾಡಿದ. ಅಧಿಕಾರಿ ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತನ್ನು ಉಜ್ಜಿಕೊಂಡರು. ಆ ಮೂಲೆಗೆ ಕ್ಯಾಮೆರಾ ಇಲ್ಲ ಎಂದರು. "ಪತ್ರ ಕೇಳದೆ ಬಟ್ಟೆ ತೆಗೆಸಿದ್ದು ಒಂದು ತಪ್ಪು. ಅದನ್ನ ಮುಚ್ಚೋಕೆ ಇಲ್ಲಿ ಸುಳ್ಳು ಹೇಳಿದ್ರೆ ಅದು ಇನ್ನೂ ದೊಡ್ಡದು. ಕೆಲಸ ಉಳಿಯಲ್ಲ" ಎಂದು ಹುಡುಗಿಗೆ ಹೇಳಿ, ದೂರು ಕೊಟ್ಟವಳತ್ತ ನೋಡಿದರು. "ನೀವು ಹೇಳಿ ಅಮ್ಮ. ನೀವು ಪರದೆ ಪಕ್ಕದಲ್ಲೇ ಇದ್ರಿ. ಈಕೆ ಇವರನ್ನ ಕೇಳಿದ್ಲೋ, ಇಲ್ವೋ?"

ಆ ಕ್ಷಣ ಬಂದಾಗ ಎದೆ ಹೊಡೆದುಕೊಳ್ಳುತ್ತದೆಂದು ಅವಳು ಎಣಿಸಿದ್ದಳು. ಹಾಗೇನೂ ಆಗಲಿಲ್ಲ. ಇಷ್ಟು ದಿನ ತನಗೆ ಏನು ಬೇಕಾಗಿತ್ತೆಂಬುದು ಮಾತ್ರ ಸ್ಪಷ್ಟವಾಯಿತು. ಪರದೆಯ ಒಂದು ಗೇಣಿಗಾಗಿ ತಾನು ಇಲ್ಲಿ ಬಂದವಳಲ್ಲ. ಗಂಡನ ಬಾಯಿಂದ ಒಂದು ಮಾತು ಹೊರಡಿಸಲು ಬಂದವಳು, ಅದಕ್ಕಾಗಿ ಈ ಹುಡುಗಿಯನ್ನು ಈ ಕುರ್ಚಿಯಲ್ಲಿ ತಂದು ಕೂರಿಸಿದ್ದೇನೆ. ಇಲ್ಲ ಎಂದರೆ ಸಾಕು. ಅವನ ಹಾಗೆ ಒಮ್ಮೆ ಕತ್ತು ಆಡಿಸಿದರೂ ಸಾಕು. ಮನೆಗೆ ಹೋಗಬಹುದು, ಹಿಡಿಗಂಬಿ ಹಿಡಿದು ಮೆಟ್ಟಿಲು ಹತ್ತಬಹುದು. ಪಕ್ಕದಲ್ಲಿ ಗಂಡ ಉಸಿರು ಬಿಗಿಹಿಡಿದಿದ್ದ. ಅವನು ತನ್ನನ್ನು ಬೇಡಿಕೊಳ್ಳುತ್ತಿದ್ದಾನೆಂದು ತಿರುಗಿ ನೋಡದೆಯೇ ತಿಳಿಯಿತು. ಮೂಳೆ ಮುರಿದ ಮೊದಲ ರಾತ್ರಿ ಆಸ್ಪತ್ರೆಯ ಮಂಚದ ಕೆಳಗೆ ಪೇಪರು ಹಾಸಿಕೊಂಡು ಮಲಗಿದವನೂ ಇವನೇ. ಅದೂ ಸುಳ್ಳಲ್ಲ.

"ಕೇಳಿದ್ರು" ಎಂದಳು. "ಈಕೆ ಹೇಳಿದ್ದು ನಿಜ. ನಮ್ಮವರು ತಲೆ ಆಡಿಸಿದ್ರು. ನಾನು ನೋಡಿದೆ." ಗುಮಾಸ್ತನ ಕೈ ನಿಂತಿತು. ಅಧಿಕಾರಿ ಹಲ್ಲಿನ ಸೆಟ್ಟನ್ನು ನಾಲಿಗೆಯಿಂದ ಒತ್ತಿ ಕೂರಿಸಿಕೊಂಡರು. ಅಲ್ಲಿಗೇ ನಿಲ್ಲಿಸಿದರೆ ತನಗಾದದ್ದು ಬಿಟ್ಟುಹೋಗುತ್ತದೆ ಎನಿಸಿ ಅವಳು ಮತ್ತೆ ಹೇಳಿದಳು. "ಪರದೆ ಮುಚ್ಚದೆ ಬಿಚ್ಚಿಸಿದ್ದೂ ನಿಜ. ಹತ್ತು ಜನರ ಮುಂದೆ ನಿಂತಿದ್ದು ನಾನು. ಅದು ಇವರು ತಲೆ ಆಡಿಸಿದ್ರು ಅಂತ ಸರಿಹೋಗಲ್ಲ. ಎರಡನ್ನೂ ಬರ್ಕೊಳ್ಳಿ."

"ನೀವೇನಂತೀರಿ?" ಎಂದು ಅಧಿಕಾರಿ ಗಂಡನನ್ನು ಕೇಳಿದರು. ಅವನು ಬ್ಯಾಗಿನ ಜಿಪ್ಪನ್ನು ಎಳೆದ, ಮತ್ತೆ ಮುಚ್ಚಿದ. "ಅವಳು ಹೇಳಿದ ಹಾಗೇ ಬರ್ಕೊಳ್ಳಿ ಸಾರ್" ಎಂದ.

ಮುಂದಿನದೆಲ್ಲ ಬೇಗ ಮುಗಿಯಿತು. ಇಲಾಖೆಯ ವಿಷಾದ ಬರಹದಲ್ಲಿ ಬರುತ್ತದೆ, ಅವಳ ಕಾಲಿನ ವಿಷಯ ಅವರ ಕಂಪ್ಯೂಟರಿನಲ್ಲಿ ಸೇರುತ್ತದೆ, ಇನ್ನು ಮುಂದೆ ಪತ್ರವಿಲ್ಲದಿದ್ದರೂ ನಡೆಯುತ್ತದೆ, ಪರದೆಯ ಜಾಗಕ್ಕೆ ಬಾಗಿಲು ಹಾಕಿಸಲು ಬರೆಯುತ್ತೇವೆ. ಹುಡುಗಿಗೆ ಒಂದು ಎಚ್ಚರಿಕೆ, ಕೆಲಸಕ್ಕೇನೂ ತೊಂದರೆಯಿಲ್ಲ. ಅಧಿಕಾರಿ ಎದ್ದು ನಿಂತು ಅವಳಿಗೆ ಕೈಮುಗಿದರು. ಗಂಡನಿಗೆ ಮುಗಿಯಲಿಲ್ಲ, ಅಥವಾ ಅಷ್ಟರಲ್ಲಿ ಅವನು ಬಾಗಿಲ ಹೊರಗಿದ್ದ. ಗೆದ್ದೆನೆ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಅಳತೆಗೆ ಸರಿಯಾಗಿ ಕೂತ ಹಲ್ಲಿನ ಹಾಗೆ ಎಲ್ಲವೂ ಕೂತಿತ್ತು, ಜಗಿಯಲು ಬಾಯಿ ಮಾತ್ರ ಒಪ್ಪುತ್ತಿರಲಿಲ್ಲ.

ಕಾರಿಡಾರಿನ ತುದಿಯ ನಲ್ಲಿಯಲ್ಲಿ ಹುಡುಗಿ ಮುಖ ತೊಳೆಯುತ್ತಿದ್ದಳು. ಅವಳನ್ನು ಕಂಡು ನಲ್ಲಿ ನಿಲ್ಲಿಸಿದಳು. ಥ್ಯಾಂಕ್ಸ್ ಎನ್ನುತ್ತಾಳೇನೋ ಎಂದು ಅವಳಿಗೆ ಗಾಬರಿಯಾಯಿತು. ಹುಡುಗಿ ಹಾಗೇನೂ ಅನ್ನಲಿಲ್ಲ. "ಕೊಕ್ಕೆ ಮುರಿದಿದೆ ಅಂತ ನಾನು ಎಷ್ಟು ಸಲ ಹೇಳಿದ್ದೆ ಗೊತ್ತಾ? ಯಾರೂ ಕೇಳಲ್ಲ. ನಾನು ಅವರನ್ನ ಕೇಳಿದ್ದನ್ನ ನೀವು ಮೊದಲೇ ಬರೀಬಹುದಿತ್ತು. ನಾನು ಎಷ್ಟು ದಿನದಿಂದ ಊಟ ಬಿಟ್ಟಿದ್ದೀನಿ."

"ಹೌದು. ಬರೀಬಹುದಿತ್ತು."

ಹುಡುಗಿ ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು. "ಅವತ್ತು ನೀವು ಅಳ್ತೀರಿ ಅಂದ್ಕೊಂಡಿದ್ದೆ. ಎಲ್ಲರೂ ಅಳ್ತಾರೆ. ನೀವು ಅಳಲೇ ಇಲ್ಲ, ಅದಕ್ಕೇ ಅನುಮಾನ ಜಾಸ್ತಿ ಆಯ್ತು."

"ನಾನು ನಿಮ್ಮನ್ನ ನೋಡ್ತಾನೇ ಇರ್ಲಿಲ್ಲಮ್ಮ" ಎಂದಳು ಅವಳು. "ಅವರು ಲೇಸು ಕಟ್ಟೋದನ್ನ ನೋಡ್ತಿದ್ದೆ."

ಗಂಡ ಬಸ್ ಸ್ಟಾಪಿನಲ್ಲಿ ನಿಂತಿದ್ದ. ಬಿಸಿಲು ಬೆಂಚಿನ ಅರ್ಧದವರೆಗೆ ಬಂದಿತ್ತು. ಅವನು ನೆರಳಿನ ಅರ್ಧವನ್ನು ಅವಳಿಗೆ ಬಿಟ್ಟು ಬಿಸಿಲಿನಲ್ಲಿ ಕೂತ. ಎದುರಿನ ಅಂಗಡಿಯ ಶಟರಿಗೆ ಒಬ್ಬ ಬಣ್ಣ ಬಳಿಯುತ್ತ ಕೂತಿದ್ದ. ಇಬ್ಬರೂ ಅದನ್ನೇ ನೋಡಿದರು. "ಅವತ್ತೇ ನೋಡಿದ್ದೆಯಾ?" ಎಂದು ಅವನು ಕೇಳಿದ. "ಹೂಂ." "ಒಂದು ಮಾತು ಹೇಳಲಿಲ್ಲ ನೀನು." ದನಿಯಲ್ಲಿ ದೂರು ಇತ್ತು, ಮೋಸ ಹೋದವನ ದೂರು. ಇಷ್ಟು ದಿನವೂ ತನ್ನ ಕಥೆಯನ್ನು ಅವಳು ಗೊತ್ತಿದ್ದೂ ಕೇಳುತ್ತ ಕೂತಿದ್ದಳೆಂಬುದು ಅವನಿಗೆ ಈಗ ಹೊಳೆಯುತ್ತಿರಬೇಕು. ಬಡಿಸಿದ ಸಾರು, ಭಾವ ತಟ್ಟಿದ ಬೆನ್ನು, ಒಂದೊಂದೂ. ಅವಳಿಗೆ ಮರುಕವಾಯಿತು. ಮರುಕದ ಜೊತೆಗೇ, ತಾನು ಸುಮ್ಮನಿದ್ದದ್ದೂ ಒಂದು ಬಗೆಯ ಹೊಡೆತವಾಗಿತ್ತೆಂದು, ಅದನ್ನು ತಾನು ತಿಳಿದೇ ಹೊಡೆದೆನೆಂದು ಅನ್ನಿಸಿತು.

ಅವನ ಫೋನು ಮೊಳಗಿತು. ಮಗಳು. ಅವನು ಎದ್ದು ನಿಂತು ಮಾತಾಡಿದ. "ಆಯ್ತಮ್ಮ, ಎಲ್ಲ ಆಯ್ತು. ನಿಮ್ಮಮ್ಮನ ಕಡೆಗೇ ಆಯ್ತು." ಆಚೆಯ ಪ್ರಶ್ನೆ ಕೇಳಿಸಿಕೊಂಡು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. "ಅದೇನಾಯ್ತು ಅಂದ್ರೆ, ಆ ಹುಡುಗಿ ಕೆಲಸಕ್ಕೇ ಕುತ್ತು ಬಂದಿತ್ತು. ಪಾಪ, ಚಿಕ್ಕ ವಯಸ್ಸು. ನಿಮ್ಮಮ್ಮನ ಮನಸ್ಸು ನಿಂಗೆ ಗೊತ್ತಲ್ಲ. ನಮ್ಮವರನ್ನ ಕೇಳಿದ್ರು, ಇವರೇ ಅಲ್ಲ ಅಂದ್ರು ಅಂತ ನನ್ನ ಮೇಲೆ ಹಾಕಿಬಿಟ್ಲು. ನಾನೂ ಹೋಗ್ಲಿ ಅಂತ ಒಪ್ಕೊಂಡೆ." ಹೇಳುತ್ತ ಹೇಳುತ್ತ ಅವನ ಮುಖ ತಿಳಿಯಾಯಿತು. ಬೆನ್ನು ನೆಟ್ಟಗಾಯಿತು. ಅವನು ಸುಳ್ಳು ಹೇಳುತ್ತಿದ್ದರೆ ಅವಳಿಗೆ ಸಹಿಸಬಹುದಿತ್ತು, ಅವನು ನಂಬುತ್ತಿದ್ದ. ಅವಳ ಕಣ್ಣೆದುರೇ, ಬಸ್ ಸ್ಟಾಪಿನ ಬಿಸಿಲಿನಲ್ಲಿ, ಅವನ ಪಾಲಿಗೆ ಅದು ಹಾಗೇ ನಡೆದುಹೋಗುತ್ತಿತ್ತು. "ತಗೋ, ನಿನ್ನ ಹತ್ರ ಮಾತಾಡ್ಬೇಕಂತೆ" ಎಂದು ಫೋನು ಚಾಚಿದ.

"ಅಮ್ಮಾ, ಎಷ್ಟು ದೊಡ್ಡ ಮನಸ್ಸು ನಿಂದು" ಎಂದಳು ಮಗಳು. ಅವಳ ದನಿ ಒದ್ದೆಯಾಗಿತ್ತು. "ನಾನಾಗಿದ್ರೆ ಅಂಥ ಸುಳ್ಳು ಹೇಳ್ತಿರ್ಲಿಲ್ಲಪ್ಪ."

ಅವಳು ಗಂಡನನ್ನು ನೋಡಿದಳು. ಅವನು ಶಟರಿನ ಬಣ್ಣವನ್ನು ನೋಡುತ್ತಿದ್ದ. ಅಧಿಕಾರಿಯ ಮುಂದೆ ಹೇಳುವುದು ಸುಲಭವಿತ್ತು. ಅವರು ಯಾರೋ, ನಾಳೆ ಸಿಗುವವರಲ್ಲ. "ನಾನು ಸುಳ್ಳು ಹೇಳಿಲ್ಲ ಕಣೇ" ಎಂದಳು. ದನಿ ಅವಳಿಗೇ ಸಣ್ಣದಾಗಿ ಕೇಳಿಸಿತು. ಮಗಳು, "ಅಂದ್ರೆ?" ಎಂದಳು. ಆಮೇಲೆ, ಬೇರೆಯದೇ ದನಿಯಲ್ಲಿ, "ಅಪ್ಪನಿಗೆ ಕೊಡು" ಎಂದಳು.

ಅವಳು ಫೋನು ಚಾಚಿದಳು. ಅವನು ತಕ್ಷಣ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡು ಕಿವಿಗಿಟ್ಟ, ಒಂದೆರಡು ಸಲ ಹೂಂಗುಟ್ಟಿದ. ಮಗಳ ಪ್ರಶ್ನೆ ಹೊರಗೂ ಕೇಳಿಸುವಷ್ಟು ಚೂಪಾಗಿತ್ತು. "ಕೇಳಿದ್ರು" ಎಂದ ಅವನು. "ಹೂಂ, ನನ್ನನ್ನೇ ಕೇಳಿದ್ರು." ಅಷ್ಟರಲ್ಲಿ ಅವರ ಬಸ್ಸು ಬಂದು ನಿಂತಿತು. ಅವಳು ಕಾಯಲಿಲ್ಲ. ಕಂಬಿ ಹಿಡಿದು, ಬಲಗಾಲು ಮೊದಲಿಟ್ಟು, ಎಡಗಾಲನ್ನು ಎಳೆದುಕೊಂಡು ಹತ್ತಿದಳು, ಕಿಟಕಿಯ ಪಕ್ಕ ಕೂತಳು. ಗಾಜಿನಾಚೆ ಅವನ ತುಟಿಗಳು ಅಲುಗುತ್ತಿದ್ದವು. ಒಂದು ಕೈ ಗಾಳಿಯಲ್ಲಿ ಏನನ್ನೋ ವಿವರಿಸಲು ಎದ್ದದ್ದು ಅರ್ಧಕ್ಕೇ ನಿಂತು ಕೆಳಗಿಳಿಯಿತು. ಡ್ರೈವರು ಹಾರ್ನ್ ಹೊಡೆದ. ಅವನು ಓಡಿಬಂದು ಹತ್ತಿದ. ಅವಳ ಪಕ್ಕದ ಸೀಟು ಖಾಲಿಯಿತ್ತು. ಅವನು ಕೂರಲಿಲ್ಲ, ಮೇಲಿನ ಕಂಬಿ ಹಿಡಿದು ನಿಂತ. ಬಸ್ಸು ತಿರುವು ದಾಟಿದ ಮೇಲೆ, ಯಾರನ್ನೂ ನೋಡದೆ, "ಹೇಳಿದೆ" ಎಂದ.

ಎಷ್ಟು ಹೇಳಿದಿರಿ ಎಂದು ಅವಳು ಕೇಳಲಿಲ್ಲ.